ಸಂಗೀತ ಕಛೇರಿಗೆ ಕ್ಯಾನನ್ 50 ಎಂಎಂ ಎಫ್/1.8 ಎಸ್‌ಟಿಎಂ: ಫ್ಲ್ಯಾಶ್‌ಗಿಂತ ಮೊದಲು ಕೊಳ್ಳಬೇಕಾದ ಲೆನ್ಸ್

ಡಿಎಸ್‌ಎಲ್‌ಆರ್ ಕೊಂಡ ಹೊಸತರಲ್ಲಿ ಕಛೇರಿಗೆ ಹೋಗಿ ಫೋಟೊ ತೆಗೆದವರು ಸಾಮಾನ್ಯವಾಗಿ ಎರಡು ದೂರು ಹೊತ್ತು ಅಂಗಡಿಗೆ ಬರುತ್ತಾರೆ: ಚಿತ್ರ ಕಪ್ಪಾಗಿದೆ, ಇಲ್ಲವೇ ಅಲುಗಾಡಿದೆ. ಅಂಗಡಿಯವರು ತೋರಿಸುವುದು ಫ್ಲ್ಯಾಶನ್ನು. ಬೆಳಕು ಸಾಲದಿದ್ದರೆ ಬೆಳಕು ಕೊಳ್ಳಬೇಕು ಎನ್ನುವುದು ಕೇಳಲು ಸರಿಯಾಗಿಯೇ ಇದೆ. ಆದರೆ ವೇದಿಕೆಯ ಮೇಲೆ ಬೆಳಕು ಆಗಲೇ ಇರುತ್ತದೆ. ಕ್ಯಾಮೆರಾ ಜೊತೆಗೆ ಬಂದ 18-55 ಲೆನ್ಸಿಗೆ ಅದನ್ನು ಒಳಗೆ ಬಿಟ್ಟುಕೊಳ್ಳುವಷ್ಟು ದೊಡ್ಡ ಬಾಯಿಲ್ಲ, ಅಷ್ಟೆ. ಹತ್ತು ಸಾವಿರ ರೂಪಾಯಿಯ ಆಸುಪಾಸು ಖರ್ಚು ಮಾಡುವುದಾದರೆ ಅದನ್ನು ಅಪರ್ಚರ್, ಅಂದರೆ ಬೆಳಕು ಒಳಬರುವ ಆ ಬಾಯಿಯ ಮೇಲೆ ಖರ್ಚು ಮಾಡಿ. ಕ್ಯಾನನ್ ಬಳಸುವವರಿಗೆ ಆ ಬೆಲೆಯಲ್ಲಿ ಸಿಗುವ ಒಳ್ಳೆಯ ಉತ್ತರ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ.

ಈ ವಿಮರ್ಶೆ ಆ ಲೆನ್ಸನ್ನು ಒಂದೇ ಕೆಲಸಕ್ಕೆ ಹಚ್ಚಿ ನೋಡುತ್ತದೆ: ಕೂತು ಹಾಡುವ, ಕೂತು ನುಡಿಸುವ ಕಲಾವಿದರ ಚಿತ್ರ ತೆಗೆಯುವುದು. ಚೌಡಯ್ಯ ಸ್ಮಾರಕ ಭವನದಂಥ ದೊಡ್ಡ ಸಭಾಂಗಣ, ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಪೆಂಡಾಲ್, ಬಡಾವಣೆಯ ಗಣೇಶೋತ್ಸವದ ವೇದಿಕೆ, ಮನೆಯ ಹಜಾರದ ಬೈಠಕ್, ಇವೆಲ್ಲ ಅದರೊಳಗೆ ಬರುತ್ತವೆ. ಕ್ಯಾಮೆರಾ ಕ್ಯಾನನ್ 1500ಡಿ ಎಂದಿಟ್ಟುಕೊಂಡಿದ್ದೇವೆ. ಕನ್ನಡ ನಾಡಿನಲ್ಲಿ ಮೊದಲ ಕ್ಯಾಮೆರಾ ಆಗಿ ಅದನ್ನು ಹಿಡಿದವರು ಬಹಳ ಮಂದಿ ಇದ್ದಾರೆ.

ಮೊದಲು ಲೆಕ್ಕ. ಕಿಟ್ ಲೆನ್ಸ್ 55 ಎಂಎಂಗೆ ಎಳೆದಾಗ ಅದರ ಅತಿ ದೊಡ್ಡ ಅಪರ್ಚರ್ ಎಫ್/5.6. ಈ ಲೆನ್ಸಿನದು ಎಫ್/1.8. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಒಳಬರುವ ಬೆಳಕಿನ ವ್ಯತ್ಯಾಸ ಸುಮಾರು ಹತ್ತು ಪಟ್ಟು, ಅಂದರೆ ಮೂರು ಸ್ಟಾಪ್‌ಗಿಂತ ತುಸು ಹೆಚ್ಚು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ). ಒಂದು ವೇದಿಕೆಯಲ್ಲಿ ಎಫ್/1.8, 1/160 ಸೆಕೆಂಡ್, ಐಎಸ್‌ಒ (ಸಂವೇದಕ ಬೆಳಕಿಗೆ ಸ್ಪಂದಿಸುವ ಮಟ್ಟ) 1600ಕ್ಕೆ ಮುಖ ಸರಿಯಾಗಿ ಬರುತ್ತದೆ ಎಂದುಕೊಳ್ಳಿ. ಅದೇ ಚಿತ್ರ ಕಿಟ್ ಲೆನ್ಸಿನಲ್ಲಿ ಬರಬೇಕಾದರೆ ಶಟರ್ 1/15ರ ಹತ್ತಿರಕ್ಕೆ ಇಳಿಯಬೇಕು, ಇಲ್ಲವೇ ಐಎಸ್‌ಒ 16000ಕ್ಕೆ ಏರಬೇಕು. 1/15ರಲ್ಲಿ ತಲೆಯಾಡಿಸಿ ಹಾಡುವ ಗಾಯಕರ ಮುಖ ಉಳಿಯುವುದಿಲ್ಲ. 1500ಡಿಯ ಐಎಸ್‌ಒ 6400ಕ್ಕೆ ಮುಗಿಯುತ್ತದೆ, ಹಿಗ್ಗಿಸಿದರೆ 12800. ಕಪ್ಪು ಚಿತ್ರ, ಅಲುಗಿದ ಚಿತ್ರ ಎರಡೂ ಹುಟ್ಟುವುದು ಇಲ್ಲಿಂದಲೇ.

ಈಗ ಅದೇ ಲೆಕ್ಕವನ್ನು ಫ್ಲ್ಯಾಶ್‌ಗೆ ಹಾಕಿ. 1500ಡಿ ತಲೆಯ ಮೇಲೆ ಎದ್ದು ನಿಲ್ಲುವ ಪುಟ್ಟ ಫ್ಲ್ಯಾಶಿನ ಗೈಡ್ ನಂಬರ್ ಐಎಸ್‌ಒ 100ರಲ್ಲಿ 9.2 ಮೀಟರ್. ಅದನ್ನು ಅಪರ್ಚರ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಎಷ್ಟು ದೂರ ಸಾಲುತ್ತದೆ ಎಂದು ಗೊತ್ತಾಗುತ್ತದೆ. ಎಫ್/5.6ರಲ್ಲಿ ಒಂದೂವರೆ ಮೀಟರ್ ಚಿಲ್ಲರೆ. ಐಎಸ್‌ಒ 1600ಕ್ಕೆ ಏರಿಸಿದರೂ ಆರೂವರೆ ಮೀಟರ್. ಎಂಟನೆಯ ಸಾಲಿನಲ್ಲಿ ಕೂತು ಫ್ಲ್ಯಾಶ್ ಹೊಡೆದವರ ಚಿತ್ರದಲ್ಲಿ ಗಾಯಕರು ಕತ್ತಲಲ್ಲಿದ್ದು, ಮುಂದಿನ ಸಾಲಿನ ರಸಿಕರ ಬೋಳುತಲೆ, ಮುಡಿದ ಮಲ್ಲಿಗೆ ಹೊಳೆಯುವುದು ಇದಕ್ಕೇ. ದೂರ ನಾಲ್ಕು ಪಟ್ಟಾದರೆ ಬೆಳಕು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಎರಡು ಮೀಟರ್ ದೂರದ ತಲೆಗೆ ಬಿದ್ದ ಬೆಳಕು ಎಂಟು ಮೀಟರ್ ದೂರದ ಮುಖಕ್ಕೆ ಬೀಳುವುದಕ್ಕಿಂತ ನಾಲ್ಕು ಸ್ಟಾಪ್ ಹೆಚ್ಚು.

ದೊಡ್ಡ ಫ್ಲ್ಯಾಶ್ ಕೊಂಡರೆ ದೂರದ ಸಮಸ್ಯೆ ತೀರುತ್ತದೆ. ಕ್ಯಾನನ್ ಸ್ಪೀಡ್‌ಲೈಟ್ 430ಇಎಕ್ಸ್ 3-ಆರ್‌ಟಿಯ ಗೈಡ್ ನಂಬರ್ 105 ಎಂಎಂ ಜೂಮಿನಲ್ಲಿ 43. ಐಎಸ್‌ಒ 400ರಲ್ಲಿ ಅದು 86 ಆಗುತ್ತದೆ. ಹತ್ತು ಮೀಟರ್ ದೂರದ ಕಲಾವಿದರಿಗೆ ಎಫ್/8ರಲ್ಲೂ ಬೆಳಕು ಸಾಲುತ್ತದೆ. ಆದ್ದರಿಂದ ಫ್ಲ್ಯಾಶ್ ವೇದಿಕೆಯನ್ನು ಮುಟ್ಟುವುದೇ ಇಲ್ಲ ಎಂಬ ವಾದ ಪೂರ್ತಿ ನಿಜವಲ್ಲ. ಮುಟ್ಟಿದ ಮೇಲೆ ಅದು ಮಾಡುವ ಕೆಲಸವೇ ತೊಂದರೆಯದು.

ನಮ್ಮ ವೇದಿಕೆಗಳ ಮೇಲೆ ಏನೇನು ಇರುತ್ತದೆ ನೋಡಿ. ಕಲಾವಿದರ ಹಿಂದೆ ಪ್ರಾಯೋಜಕರ ಹೆಸರುಗಳ ಫ್ಲೆಕ್ಸ್ ಬ್ಯಾನರ್ ಇರುತ್ತದೆ. ಅದರ ನುಣುಪು ಮೈ ಕ್ಯಾಮೆರಾಗೆ ನೇರ ಎದುರು. ಫ್ಲ್ಯಾಶ್ ಹೊಡೆದ ಕೂಡಲೇ ಬೆಳಕು ಅದರಿಂದ ನೆಟ್ಟಗೆ ಹಿಂದಿರುಗಿ, ಗಾಯಕರ ತಲೆಯ ಪಕ್ಕದಲ್ಲೊಂದು ಬಿಳಿ ಚುಕ್ಕೆ ಹಬ್ಬುತ್ತದೆ. ವೇದಿಕೆಯ ದೀಪಗಳಲ್ಲಿ ಹಿಂದೆ ಸರಿದು ಮಬ್ಬಾಗಿದ್ದ ಅಕ್ಷರಗಳೆಲ್ಲ ಮುಂದೆ ಬರುತ್ತವೆ. ಜರಿಯಂಚಿನ ರೇಷ್ಮೆ ಸೀರೆಯಲ್ಲಿ ಜರಿ ಇದ್ದ ಜಾಗವೆಲ್ಲ ಬೆಳ್ಳಗೆ ಸುಡುತ್ತದೆ. ಬಾಯ ಮುಂದಿನ ಮೈಕಿನ ನೆರಳು ಗದ್ದಕ್ಕೆ ಬೀಳುತ್ತದೆ. ಕ್ಯಾಮೆರಾವನ್ನು ಅಡ್ಡ ತಿರುಗಿಸಿ ನಿಲುವು ಚಿತ್ರ ತೆಗೆದರೆ ಆ ನೆರಳು ಕೆನ್ನೆಗೆ ಸರಿಯುತ್ತದೆ. ಕನ್ನಡಕವಿದ್ದರೆ ಗಾಜಿನ ತುಂಬ ಮಿಂಚು. ಮೇಲಿನ ದೀಪದಿಂದ ಮೂಗು, ಹುಬ್ಬು, ಕೊರಳ ನರಗಳಿಗೆ ಸಿಕ್ಕಿದ್ದ ಏರಿಳಿತ ಅಳಿದು ಮುಖ ಗುರುತಿನ ಚೀಟಿಯ ಚಿತ್ರದಂತಾಗುತ್ತದೆ. ತಾರಸ್ಥಾಯಿಗೆ ಏರುವಾಗ ಕೊರಳಿನಲ್ಲಿ ಕಾಣುವ ಬಿಗಿತ ಪಕ್ಕದಿಂದ, ಮೇಲಿನಿಂದ ಬೀಳುವ ಬೆಳಕಿನಲ್ಲಿ ಮಾತ್ರ ತೋರುತ್ತದೆ. ಅದನ್ನು ಕಳೆದುಕೊಂಡ ಚಿತ್ರದಲ್ಲಿ ಸಂಗೀತದ ಗುರುತೇ ಉಳಿಯುವುದಿಲ್ಲ.

ಇದರ ಜೊತೆಗೆ ಇತರರಿಗೆ ಆಗುವ ತೊಂದರೆಯಿದೆ. ಈಗ ಬಹಳಷ್ಟು ಕಛೇರಿಗಳು ಯೂಟ್ಯೂಬ್‌ನಲ್ಲಿ ನೇರವಾಗಿ ಹೋಗುತ್ತವೆ. ವಿಡಿಯೊ ಕ್ಯಾಮೆರಾದ ಸಂವೇದಕ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ನಿಮ್ಮ ಫ್ಲ್ಯಾಶ್ ಒಂದು ಫ್ರೇಮಿನ ಅರ್ಧಕ್ಕೆ ಮಾತ್ರ ಬೀಳುತ್ತದೆ. ಪರದೆಯ ಅರ್ಧ ಬೆಳ್ಳಗೆ, ಅರ್ಧ ಎಂದಿನಂತೆ. ಆ ರೆಕಾರ್ಡಿಂಗ್ ಎಷ್ಟು ವರ್ಷ ಉಳಿದರೂ ಆ ಗಾಯ ಉಳಿಯುತ್ತದೆ. ಕಣ್ಣು ಮುಚ್ಚಿ ಆಲಾಪನೆಯಲ್ಲಿರುವವರ ರೆಪ್ಪೆಯ ಮೂಲಕವೂ ಬೆಳಕು ಹಾಯುತ್ತದೆ ಎಂಬುದನ್ನಂತೂ ಯಾರೂ ಹೇಳಿಕೊಡಬೇಕಿಲ್ಲ. ಪಾಶ್ಚಾತ್ಯ ರಾಕ್ ಕಾರ್ಯಕ್ರಮಗಳಲ್ಲಿ ಛಾಯಾಗ್ರಾಹಕರಿಗೆ ಬಹುಕಾಲದಿಂದ ಹೇಳುತ್ತಾ ಬಂದಿರುವ ನಿಯಮ ಒಂದೇ ಸಾಲಿನದು: ಮೊದಲ ಮೂರು ಹಾಡು, ಫ್ಲ್ಯಾಶ್ ಇಲ್ಲ. ನಮ್ಮ ಸಭೆಗಳು ಎರಡನೆಯ ಅರ್ಧವನ್ನಾದರೂ ಬರೆದು ಹಾಕಿದರೆ ಒಳ್ಳೆಯದು.

ಇನ್ನು ಲೆನ್ಸು. 2015ರಲ್ಲಿ ಬಂದದ್ದು. ತೂಕ ಸುಮಾರು 160 ಗ್ರಾಂ. 1990ರಿಂದ ಮಾರಾಟದಲ್ಲಿದ್ದ ಹಳೆಯ 50 ಎಂಎಂ ಎಫ್/1.8 2ರ ಜಾಗಕ್ಕೆ ಬಂದಿತು. ಹಳೆಯದರ ಮೌಂಟ್ ಪ್ಲಾಸ್ಟಿಕ್, ಇದರದು ಲೋಹ. ಹಳೆಯದರಲ್ಲಿ ಅಪರ್ಚರ್ ಎಲೆಗಳು 5, ಇದರಲ್ಲಿ 7. ಕಛೇರಿಯ ಮಟ್ಟಿಗೆ ಈ ಎಲೆಗಳ ಲೆಕ್ಕಕ್ಕೆ ಅರ್ಥವಿದೆ. ಹಿನ್ನೆಲೆಯ ಸರಮಾಲೆ ದೀಪಗಳು ಹಳೆಯ ಲೆನ್ಸಿನಲ್ಲಿ ಎಫ್/2.8ಕ್ಕೆ ಹೋದ ಕೂಡಲೇ ಐದು ಮೂಲೆಯ ಚೂರುಗಳಾಗುತ್ತಿದ್ದವು. ಇದರಲ್ಲಿ ಬಹುಮಟ್ಟಿಗೆ ದುಂಡಗೇ ಉಳಿಯುತ್ತವೆ. ಅತಿ ಹತ್ತಿರದ ಫೋಕಸ್ 35 ಸೆಂಟಿಮೀಟರ್. ಕಛೇರಿ ಶುರುವಾಗುವ ಮುನ್ನ ತಂಬೂರಿಯ ಜೀವಾಳದ ದಾರ, ಮೃದಂಗದ ಕರಣೆ, ಘಟದ ಕತ್ತು ಇಂಥವನ್ನು ತೆಗೆಯಲು ಅಷ್ಟು ಸಾಕು.

1500ಡಿಯ ಚಿಕ್ಕ ಸಂವೇದಕದ ಮೇಲೆ ಈ 50 ಎಂಎಂ ನೋಡುವುದು 80 ಎಂಎಂನಂತೆ. ಐದು ಮೀಟರ್ ದೂರದಲ್ಲಿ ಫ್ರೇಮಿನ ಅಗಲ ಸುಮಾರು 2.2 ಮೀಟರ್, ಎತ್ತರ ಒಂದೂವರೆ. ಚಕ್ಕಳಮಕ್ಕಳ ಹಾಕಿ ಕೂತ ಗಾಯಕರೂ ಪಕ್ಕದವರ ಅರ್ಧ ಮೈಯೂ ಅದರಲ್ಲಿ ಬರುತ್ತವೆ. ಹತ್ತು ಮೀಟರ್‌ಗೆ ಹೋದರೆ ಅಗಲ ನಾಲ್ಕೂವರೆ ಮೀಟರ್: ಗಾಯನ, ಪಿಟೀಲು, ಮೃದಂಗ, ಘಟ ಎಲ್ಲವೂ ಒಂದೇ ಚೌಕಟ್ಟಿಗೆ ಸೇರುತ್ತವೆ. ಮೂರು ಮೀಟರ್‌ನಲ್ಲಿ ನಿಲುವಾಗಿ ಹಿಡಿದರೆ ಒಬ್ಬರೇ, ಕೈಬೀಸುವಿಗೆ ಜಾಗ ಬಿಟ್ಟು. ಮೂರರಿಂದ ಐದು ಮೀಟರ್ ಈ ಲೆನ್ಸಿಗೆ ಹೇಳಿ ಮಾಡಿಸಿದ ದೂರ. ಹದಿನೈದನೆಯ ಸಾಲಿನಿಂದ ಮುಖ ತುಂಬ ತೆಗೆಯುವ ಆಸೆಯಿದ್ದರೆ ಇದು ಆ ಲೆನ್ಸಲ್ಲ. 24 ಮೆಗಾಪಿಕ್ಸೆಲ್ ಇರುವುದರಿಂದ ಅರ್ಧಕ್ಕರ್ಧ ಕತ್ತರಿಸಿದರೂ 6 ಮೆಗಾಪಿಕ್ಸೆಲ್ ಉಳಿಯುತ್ತದೆ, ಪತ್ರಿಕೆಗೆ ಸಾಕು. ಅದಕ್ಕಿಂತ ಮುಂದೆ ಬೇಡ.

ಎಫ್/1.8ರಲ್ಲೇ ಎಲ್ಲವನ್ನೂ ತೆಗೆಯಬೇಕೆಂಬ ಹಟವೂ ಬೇಡ. ಪೂರ್ತಿ ತೆರೆದಾಗ ಚಿತ್ರ ತುಸು ಮೃದು. ಮೈಕಿನ ಉಕ್ಕಿನ ಜಾಲರಿ, ಜರಿಯ ಅಂಚು, ಮೂಗುತಿಯ ಹರಳು ಇಂಥ ಹೊಳೆಯುವ ಅಂಚುಗಳ ಸುತ್ತ ನೇರಳೆ ಬಣ್ಣ ಇಣುಕುತ್ತದೆ. ಎಫ್/2.2ಕ್ಕೆ ಬಂದರೆ ಎರಡೂ ಕಡಿಮೆ. ಎಫ್/2.8ರಲ್ಲಿ ಕಣ್ಣುರೆಪ್ಪೆಯ ಕೂದಲು ಎಣಿಸುವಷ್ಟು ಸ್ಪಷ್ಟ. ಫೋಕಸ್ ಆಳದ, ಅಂದರೆ ಹಿಂದು-ಮುಂದೆ ಎಷ್ಟು ದೂರ ಸ್ಪಷ್ಟವಾಗಿ ಕಾಣುತ್ತದೆ ಎಂಬ ಲೆಕ್ಕವೂ ಇದೇ ಕಡೆ ತಳ್ಳುತ್ತದೆ. ಐದು ಮೀಟರ್ ದೂರದಲ್ಲಿ ಎಫ್/1.8ರ ಆಳ ಸುಮಾರು 68 ಸೆಂಟಿಮೀಟರ್, ಎಫ್/2.8ರಲ್ಲಿ ಒಂದು ಮೀಟರ್‌ಗೆ ಸಮೀಪ. ಮೂರು ಮೀಟರ್‌ನಲ್ಲಿ ಎಫ್/1.8 ಇಟ್ಟರೆ ಸಿಗುವುದು 25 ಸೆಂಟಿಮೀಟರ್ ಮಾತ್ರ, ಮುಖ ಸ್ಪಷ್ಟವಾಗಿದ್ದು ತಾಳ ಹಾಕುವ ಕೈ ಮಸುಕಾಗುವಷ್ಟು. ಬೆಳಕು ಒಳ್ಳೆಯದಿದ್ದರೆ ಎಫ್/2.2ರಿಂದ ಎಫ್/2.8ರ ನಡುವೆ ಇರಿ. ಎಫ್/1.8 ಕೊನೆಯ ಉಳಿತಾಯ, ದೀಪ ಇಳಿದಾಗ ತೆಗೆಯಲು.

ಫೋಕಸ್ ವಿಷಯದಲ್ಲಿ ಲೆನ್ಸಿಗಿಂತ ಕ್ಯಾಮೆರಾದ ಮಿತಿ ದೊಡ್ಡದು. 1500ಡಿಯಲ್ಲಿ 9 ಫೋಕಸ್ ಬಿಂದುಗಳಿವೆ. ಅವುಗಳಲ್ಲಿ ಕತ್ತಲಲ್ಲಿ ನಂಬಬಹುದಾದ ಅಡ್ಡ-ಉದ್ದ ಎರಡೂ ಗೆರೆ ಹಿಡಿಯುವ ಬಿಂದು ನಡುವಿನದೊಂದೇ. ಅದನ್ನೇ ಆರಿಸಿಡಿ, ಉಳಿದವನ್ನು ಮರೆತುಬಿಡಿ. ಕಣ್ಣಿನ ಮೇಲೆ ಹಿಡಿದು ಅರ್ಧ ಒತ್ತಿ, ಆಮೇಲೆ ಚೌಕಟ್ಟು ಸರಿಸಿ. ಮೂರು ಮೀಟರ್‌ನಲ್ಲಿ ಹೀಗೆ ಸರಿಸಿದಾಗ ತಪ್ಪುವುದು ನಾಲ್ಕೈದು ಸೆಂಟಿಮೀಟರ್, ಆಳದೊಳಗೆ ಕರಗಿಹೋಗುತ್ತದೆ. ಕೆನ್ನೆಯಂಥ ನುಣುಪು ಜಾಗದ ಮೇಲೆ ಹಿಡಿದರೆ ಲೆನ್ಸ್ ಹಿಂದೆ ಮುಂದೆ ಅಲೆಯುತ್ತದೆ. ಹುಬ್ಬಿನ ಅಂಚು, ಕುಂಕುಮದ ಬೊಟ್ಟು, ವಿಭೂತಿಯ ಗೆರೆ, ಕನ್ನಡಕದ ಕಟ್ಟು ಇವು ತಕ್ಷಣ ಸಿಗುತ್ತವೆ. ಅತಿ ಹೆಚ್ಚು ಹಾಳಾಗುವುದು ಮೈಕಿನಿಂದ. ನೇರ ಎದುರಿನಿಂದ ತೆಗೆದರೆ ಬಿಂದು ಮೈಕಿನ ಜಾಲರಿಗೆ ಅಂಟಿಕೊಂಡು ಮುಖ ಮಸುಕಾಗುತ್ತದೆ. ಎರಡಡಿ ಪಕ್ಕಕ್ಕೆ ಸರಿದರೆ ಮೈಕ್ ಬಾಯಿಂದ ಕಳಚಿ ನಿಲ್ಲುತ್ತದೆ, ಫೋಕಸ್ ತಪ್ಪುವುದೂ ನಿಲ್ಲುತ್ತದೆ.

ಹಾಗೆ ಸರಿಯುವಾಗ ಯಾವ ಪಕ್ಕ ಎಂಬುದಕ್ಕೂ ಒಂದು ಲೆಕ್ಕವಿದೆ. ಬಲಗೈ ಮೃದಂಗ ವಾದಕರು ಗಾಯಕರ ಬಲಕ್ಕೆ ಕೂರುತ್ತಾರೆ, ಬಲಮುಖ ಸಭಿಕರ ಕಡೆ ಬರಲೆಂದು. ಅಂದರೆ ಸಭೆಯಿಂದ ನೋಡುವಾಗ ಮೃದಂಗ ಎಡಕ್ಕೆ, ಪಿಟೀಲು ಬಲಕ್ಕೆ. ಪಕ್ಕವಾದ್ಯದವರಿಬ್ಬರೂ ಗಾಯಕರತ್ತ ತಿರುಗಿರುತ್ತಾರೆ. ಹಾಗಾಗಿ ಮೃದಂಗ ವಾದಕರ ಮುಖ ಬೇಕಿದ್ದವರು ಸಭಾಂಗಣದ ಬಲಬದಿಯಲ್ಲಿ ಕೂರಬೇಕು, ಪಿಟೀಲಿನವರ ಮುಖ ಬೇಕಿದ್ದವರು ಎಡಬದಿಯಲ್ಲಿ. ಬೆರಳುಗಳೇ ಬೇಕೆಂದರೆ ನಡುವಿನಿಂದ ತುಸು ಎಡ ಸಾಕು. ಎಡಗೈ ವಾದಕರಿದ್ದರೆ ಎಲ್ಲವೂ ತಿರುವುಮುರುವು. ಆದ್ದರಿಂದ ಆಸನ ಹಿಡಿಯುವ ಮೊದಲು ವಾದ್ಯ ಎಲ್ಲಿಟ್ಟಿದ್ದಾರೆ ನೋಡಿ. ಹಿಂದೆ ಕೂತವರ ತಂಬೂರಿಯ ದಂಡಿ ಗಾಯಕರ ತಲೆಯಿಂದ ಮೊಳೆತಂತೆ ಕಾಣುವುದು ಕಛೇರಿ ಚಿತ್ರಗಳ ತೀರಾ ಸಾಮಾನ್ಯ ದೋಷ. ಎಫ್/1.8ರ ಮಸುಕು ಕೂಡ ಅದನ್ನು ಮರೆಸುವುದಿಲ್ಲ. ಅರ್ಧ ಹೆಜ್ಜೆ ಸರಿಯುವುದೊಂದೇ ದಾರಿ.

ಫೋಕಸ್ ಮಾಡುವ ಎಸ್‌ಟಿಎಂ ಮೋಟಾರಿನ ಸದ್ದು ಪಕ್ಕದವರಿಗೂ ಕೇಳದು. ಆದರೆ ಡಿಎಸ್‌ಎಲ್‌ಆರ್‌ನ ಕನ್ನಡಿ ಬಡಿಯುವ ಸದ್ದು ಕೇಳುತ್ತದೆ, ಅದಕ್ಕೆ ಈ ಲೆನ್ಸು ಏನೂ ಮಾಡಲಾರದು. ಆಲಾಪನೆಯಲ್ಲಿ, ತಾನದಲ್ಲಿ, ಮಂದ್ರದಲ್ಲಿ ನಿಂತ ಷಡ್ಜದ ಮೇಲೆ ಶಟರ್ ಒತ್ತಬೇಡಿ. ಮೃದಂಗ ಸೇರಿದ ಮೇಲೆ ಒತ್ತಿ, ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನದಲ್ಲಿ ಧಾರಾಳವಾಗಿ ಒತ್ತಿ. ಒಳ್ಳೆಯ ಚಿತ್ರಗಳು ಸಿಗುವುದೂ ಅಲ್ಲಿಯೇ. ಕೋರ್ವೆ ಎಂಬ ಮುಕ್ತಾಯದ ಲಯವಿನ್ಯಾಸ ಮುಗಿದು ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ ಬಂದ ಕ್ಷಣ ಇಡೀ ವೇದಿಕೆಯೇ ನಗುತ್ತದೆ, ಅದು ಬರುವುದು ತಾಳ ಹಾಕುತ್ತಿರುವವರಿಗೆ ಮೊದಲೇ ಗೊತ್ತಿರುತ್ತದೆ. ತಾಳ ತಿಳಿದ ಛಾಯಾಗ್ರಾಹಕರಿಗೆ ಸೆಕೆಂಡಿಗೆ 3 ಚಿತ್ರದ ಕ್ಯಾಮೆರಾ ಸಾಕಾಗುತ್ತದೆ.

ಹೊಂದಿಸುವ ಕ್ರಮ ಹೀಗೆ. ಡಯಲ್ ‘ಎಂ’ಗೆ ತಿರುಗಿಸಿ. ಆಟೋದಲ್ಲಿ ಬಿಟ್ಟರೆ ಕತ್ತಲು ಕಂಡ ಕೂಡಲೇ ಫ್ಲ್ಯಾಶ್ ತಾನಾಗಿ ಎದ್ದು ನಿಲ್ಲುತ್ತದೆ. ಫೋಕಸ್ ಸಿಗಲೆಂದು ಅದೇ ಫ್ಲ್ಯಾಶ್ ಪಟಪಟ ಮಿಂಚುವುದೂ ಉಂಟು, ಕಸ್ಟಮ್ ಫಂಕ್ಷನ್‌ನಲ್ಲಿ ಎಎಫ್ ಅಸಿಸ್ಟ್ ಬೀಮ್ ಎಂಬುದನ್ನು ಬಂದ್ ಮಾಡಿ. ತೆಗೆದ ಚಿತ್ರ ಪರದೆಯ ಮೇಲೆ ತೋರುವುದನ್ನೂ ಬಂದ್ ಮಾಡಿ, ಹಿಂದಿನ ಸಾಲಿನವರಿಗೆ ಆ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಕಲಾವಿದರು ಶ್ರುತಿ ಸೇರಿಸುತ್ತಿರುವಾಗ ಎಫ್/2.2, 1/125, ಐಎಸ್‌ಒ 1600 ಇಟ್ಟು ಒಂದು ಚಿತ್ರ ತೆಗೆಯಿರಿ. ಮೀಟರಿಂಗ್ (ಕ್ಯಾಮೆರಾ ಬೆಳಕು ಅಳೆಯುವ ಬಗೆ) ಪಾರ್ಶಿಯಲ್ ಇರಲಿ, ಅದು ನಡುವಿನ ಶೇ. 10ರಷ್ಟು ಜಾಗವನ್ನು ಮಾತ್ರ ಅಳೆಯುತ್ತದೆ. 1500ಡಿಯಲ್ಲಿ ಸ್ಪಾಟ್ ಮೀಟರಿಂಗ್ ಇಲ್ಲ. ಇಡೀ ಚೌಕಟ್ಟನ್ನು ಅಳೆಯುವ ಇವ್ಯಾಲ್ಯುಯೇಟಿವ್‌ನಲ್ಲಿ ಬಿಟ್ಟರೆ ಕಪ್ಪು ಪರದೆಯನ್ನು ನೋಡಿ ಕ್ಯಾಮೆರಾ ಮೋಸ ಹೋಗುತ್ತದೆ, ಮುಖ ಒಂದು ಎರಡು ಸ್ಟಾಪ್ ಹೆಚ್ಚಾಗಿ ಸುಡುತ್ತದೆ. ಚಿತ್ರವನ್ನು ಹಿಗ್ಗಿಸಿ ಹಣೆ ನೋಡಿ. ಹಣೆಯ ಹೊಳಪಿನಲ್ಲಿ ಚರ್ಮದ ಬಣ್ಣ ಉಳಿದಿದ್ದರೆ ಸರಿ. ಬಿಳಿ ಜುಬ್ಬಾ, ಪಂಚೆ ತುಸು ಹಾರಿದರೂ ಚಿಂತೆಯಿಲ್ಲ, ರಾ ಫೈಲಿನಲ್ಲಿ (ಸಂವೇದಕ ಕೊಟ್ಟದ್ದನ್ನು ಸಂಸ್ಕರಿಸದೆ ಉಳಿಸಿದ ಕಡತ) ಅರ್ಧ ಸ್ಟಾಪಿನಷ್ಟು ಹಿಂದಕ್ಕೆ ಬರುತ್ತದೆ. ಒಮ್ಮೆ ಹೊಂದಿಸಿದ ಮೇಲೆ ವೇದಿಕೆಯ ದೀಪ ಬದಲಾಗುವವರೆಗೂ ಮುಟ್ಟಬೇಕಿಲ್ಲ. ಶಾಸ್ತ್ರೀಯ ಕಛೇರಿಗಳಲ್ಲಿ ದೀಪ ಬದಲಾಗುವುದು ಅಪರೂಪ.

ಶಟರ್ ವೇಗಕ್ಕೆ ಹಾಡುವಾಗ 1/125, ಪಿಟೀಲಿನ ಕಮಾನಿಗೆ 1/160, ಮೃದಂಗದ ಬೆರಳುಗಳಿಗೆ 1/250. ಇದಕ್ಕೊಂದು ತೊಡಕಿದೆ, ಅದು ನಮ್ಮ ದೇಶದ ವಿದ್ಯುತ್ತಿನಿಂದ ಬಂದದ್ದು. ಇಲ್ಲಿನ ವಿದ್ಯುತ್ 50 ಹರ್ಟ್ಸ್, ಹಾಗಾಗಿ ಚೋಕ್ ಇರುವ ಹಳೆಯ ಟ್ಯೂಬ್‌ಲೈಟು ಮತ್ತು ಕೆಲವು ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. 1/250ರಲ್ಲಿ ಒಂದು ಚಿತ್ರ ಬೆಳಕಾಗಿ, ಮುಂದಿನದು ಮಂಕಾಗಿ, ಅದರ ಮುಂದಿನದು ಹಳದಿಯಾಗಿ ಬಂದರೆ ಕ್ಯಾಮೆರಾ ಕೆಟ್ಟಿಲ್ಲ. 1/100 ಅಥವಾ 1/50ಕ್ಕೆ ಇಳಿಸಿ. ಒಂದು ಪೂರ್ತಿ ಮಿನುಗು ಪ್ರತಿ ಚಿತ್ರದಲ್ಲೂ ಸೇರಿ ಬೆಳಕು ಸಮವಾಗುತ್ತದೆ. ಅಮೆರಿಕದಲ್ಲಿ ವಿದ್ಯುತ್ 60 ಹರ್ಟ್ಸ್ ಆದ್ದರಿಂದ ಅಲ್ಲಿನ ವಿಡಿಯೊಗಳು 1/60, 1/120 ಎನ್ನುತ್ತವೆ. ಅದನ್ನು ಇಲ್ಲಿಗೆ ತರಬೇಡಿ. ಪೆಂಡಾಲ್‌ಗಳಲ್ಲಿ, ಶಾಲೆಯ ಸಭಾಂಗಣಗಳಲ್ಲಿ 1/100ಕ್ಕೆ ಕಟ್ಟುಬಿದ್ದು, ಬೆರಳಿನ ಚಲನೆ ತುಸು ಮಸುಕಾಗಲು ಬಿಡುವುದೇ ಲೇಸು.

ಬಣ್ಣದ ಎಲ್‌ಇಡಿ ಪಾರ್ ದೀಪಗಳು ಬೇರೆಯೇ ಸಮಸ್ಯೆ. ಫ್ಯೂಷನ್ ಕಾರ್ಯಕ್ರಮಗಳಲ್ಲಿ, ಸುಗಮ ಸಂಗೀತದ ವೇದಿಕೆಗಳಲ್ಲಿ ಮುಖದ ಮೇಲೆ ಕಡುಕೆಂಪು ಅಥವಾ ಕಡುನೀಲಿ ಸುರಿಯುತ್ತಾರೆ. ಕೆಂಪಾದರೆ ಚಿತ್ರದ ಕೆಂಪು ಬಣ್ಣದ ಚಾನೆಲ್ ಒಂದೇ ತುಂಬಿ ಹರಿದು, ಮುಖ ಚಪ್ಪಟೆ ಕೆಂಪು ಹಾಳೆಯಾಗುತ್ತದೆ. ಬೆಳಕಿನ ಹಂಚಿಕೆ ತೋರುವ ಸಾಮಾನ್ಯ ಹಿಸ್ಟೋಗ್ರಾಂನಲ್ಲಿ ಇದು ಕಾಣುವುದಿಲ್ಲ, ಆರ್‌ಜಿಬಿ ಹಿಸ್ಟೋಗ್ರಾಂ ತೆರೆದು ನೋಡಿ ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ. ಬಿಳಿ ದೀಪ ತಿರುಗಿ ಬರುವ ಕ್ಷಣಕ್ಕೆ ಕಾಯುವುದು ಇನ್ನೂ ಉತ್ತಮ. ದೀಪಕ್ಕೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋ ಬೇಡ, ಚಿತ್ರದಿಂದ ಚಿತ್ರಕ್ಕೆ ಬದಲಾಗುತ್ತದೆ. ಹ್ಯಾಲೊಜನ್ ದೀಪಗಳಿದ್ದರೆ ಟಂಗ್‌ಸ್ಟನ್‌ಗೆ ಕಟ್ಟಿ, ಉಳಿದದ್ದನ್ನು ರಾ ಫೈಲಿನಲ್ಲಿ ಎಲ್ಲಕ್ಕೂ ಒಟ್ಟಿಗೆ ಸರಿಪಡಿಸಿ.

ಐಎಸ್‌ಒ ಹೆಚ್ಚಾದರೆ ಕಾಳುಕಾಳು ಬರುತ್ತದೆ ಎಂಬ ಭಯದಿಂದ 800ಕ್ಕೇ ನಿಂತು, ಕಪ್ಪು ಚಿತ್ರವನ್ನು ಕಂಪ್ಯೂಟರಿನಲ್ಲಿ ಎತ್ತುವವರಿದ್ದಾರೆ. ಇಂಥ ಕ್ಯಾಮೆರಾಗಳಲ್ಲಿ ಅದು ನಷ್ಟದ ವ್ಯವಹಾರ, ನೆರಳಿನ ಜಾಗದಲ್ಲಿ ಗೆರೆಗೆರೆ ಏಳುತ್ತದೆ. 3200ರಲ್ಲಿ ಸರಿಯಾಗಿ ಬೆಳಕು ಕೊಟ್ಟ ಚಿತ್ರ, 800ರಲ್ಲಿ ತೆಗೆದು ಎರಡು ಸ್ಟಾಪ್ ಎತ್ತಿದ ಚಿತ್ರಕ್ಕಿಂತ ಚೊಕ್ಕಟ.

ಲೆನ್ಸಿನ ಕೊರತೆಗಳನ್ನೂ ಹೇಳಲೇಬೇಕು. ಲೆನ್ಸಿನ ಮುಂದೆ ಹಾಕುವ ನೆರಳಿನ ಕವಚ, ಇಎಸ್-68 ಹುಡ್, ಪೆಟ್ಟಿಗೆಯಲ್ಲಿ ಬರುವುದಿಲ್ಲ, ಬೇರೆ ಕೊಳ್ಳಬೇಕು. ವೇದಿಕೆಯ ಹಿಂದಿನಿಂದ ಸಭೆಯತ್ತ ತಿರುಗಿಸಿದ ದೀಪಗಳಿರುವ ಕಡೆ ಹುಡ್ ಇಲ್ಲದಿದ್ದರೆ ಚಿತ್ರದ ಮೇಲೆ ಬಿಳಿ ಮಂಜು ಹರಡುತ್ತದೆ. ಫೋಕಸ್ ಆಗುವಾಗ ಮುಂದಿನ ಕೊಳವೆ ಹೊರಗೆ ಚಾಚಿಕೊಳ್ಳುತ್ತದೆ. ಚಾಚಿದಾಗ ಕುರ್ಚಿಗೆ ತಗುಲಿದರೆ ಒಳಗಿನ ಹಲ್ಲುಗಳಿಗೆ ಪೆಟ್ಟು. ಅದಕ್ಕೂ ಹುಡ್ ರಕ್ಷೆ. ಕೈಯಿಂದ ಫೋಕಸ್ ಮಾಡುವ ಉಂಗುರಕ್ಕೆ ಲೆನ್ಸಿನೊಂದಿಗೆ ನೇರ ಸಂಪರ್ಕವಿಲ್ಲ, ಮೋಟಾರಿನ ಮೂಲಕ ನಡೆಯುತ್ತದೆ. ಕ್ಯಾಮೆರಾ ಆಫ್ ಆಗಿದ್ದರೆ ಉಂಗುರ ತಿರುಗಿಸಿ ಪ್ರಯೋಜನವಿಲ್ಲ. ಕೈನಡುಕ ತಡೆಯುವ ಐಎಸ್ ಇಲ್ಲ. ಅದು ಅಷ್ಟು ದೊಡ್ಡ ಕೊರತೆಯಲ್ಲ, ಏಕೆಂದರೆ ಐಎಸ್ ನಿಮ್ಮ ಕೈಯನ್ನು ನಿಲ್ಲಿಸುತ್ತದೆ, ಗಾಯಕರ ತಲೆಯನ್ನು ನಿಲ್ಲಿಸುವುದಿಲ್ಲ. ಇನ್ನೂ ಹಿಂದೆ ಕೂರುವವರಿಗೆ 85 ಎಂಎಂ ಎಫ್/1.8 ಯುಎಸ್‌ಎಂ ಇದೆ. ಫೋಕಸ್ ವೇಗ ಇದಕ್ಕಿಂತ ಬಹಳ ಹೆಚ್ಚು, ತೂಕ 425 ಗ್ರಾಂ, ಬೆಲೆ ಹಲವು ಪಟ್ಟು, ನೇರಳೆ ಅಂಚು ಅದರಲ್ಲೂ ಇದೆ. ನಿಕಾನ್ ಡಿ3500ರಂಥ ಕ್ಯಾಮೆರಾ ಇದ್ದವರು ಎಎಫ್-ಎಸ್ 50 ಎಂಎಂ ಎಫ್/1.8ಜಿ ಕೊಳ್ಳಬೇಕು. ಅಗ್ಗವೆಂದು ಹಳೆಯ 1.8ಡಿ ತಂದರೆ ಆ ಕ್ಯಾಮೆರಾಗಳಲ್ಲಿ ಆಟೋಫೋಕಸ್ ನಡೆಯುವುದೇ ಇಲ್ಲ.

ಹಾಗಾದರೆ ಫ್ಲ್ಯಾಶ್ ಎಲ್ಲಿಗೆ? ಕಛೇರಿಯ ಕೊನೆಯ ಸನ್ಮಾನಕ್ಕೆ. ಅಲ್ಲಿ ಈ ಲೆನ್ಸು ಸೋಲುತ್ತದೆ, ಫ್ಲ್ಯಾಶ್ ಗೆಲ್ಲುತ್ತದೆ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಹಿಡಿದು ಆರೇಳು ಜನ ವೇದಿಕೆಯ ಅಂಚಿಗೆ ಬಂದು ನಿಲ್ಲುತ್ತಾರೆ. ದೀಪ ಅವರ ಬೆನ್ನಿಗೆ ಉಳಿದು, ಪೇಟದ ಕೆಳಗೆ ಕಣ್ಣುಗಳು ಕಪ್ಪು ಗುಳಿಗಳಾಗುತ್ತವೆ. ಮೂರೂವರೆ ಮೀಟರ್ ಅಗಲದ ಸಾಲನ್ನು 50 ಎಂಎಂನಲ್ಲಿ ಹಿಡಿಯಲು ಎಂಟು ಮೀಟರ್ ಹಿಂದಕ್ಕೆ ಹೋಗಬೇಕು, ಆ ಹೊತ್ತಿಗೆ ನಡುವೆ ಇಪ್ಪತ್ತು ಮೊಬೈಲ್‌ಗಳು ಎದ್ದಿರುತ್ತವೆ. 18-55 ಹಾಕಿ ನಾಲ್ಕು ಮೀಟರ್‌ನಲ್ಲಿ ನಿಲ್ಲಿ: ಎಫ್/5.6, 1/125, ಐಎಸ್‌ಒ 800, ಫ್ಲ್ಯಾಶ್ 1/16ರಿಂದ 1/8 ಶಕ್ತಿ. ಇಷ್ಟಕ್ಕೆ ಟಿಟಿಎಲ್ (ಫ್ಲ್ಯಾಶ್ ಶಕ್ತಿಯನ್ನು ಕ್ಯಾಮೆರಾ ತಾನೇ ಅಳೆದು ಹೊಂದಿಸುವುದು) ಇಲ್ಲದ, ನಾಲ್ಕು ಎಎ ಬ್ಯಾಟರಿಯ ಗೋಡಾಕ್ಸ್ ಟಿಟಿ600 ಸಾಕು. ಐಎಸ್‌ಒ 800 ಇರುವುದರಿಂದ ಹಿನ್ನೆಲೆಯೂ ಸತ್ತುಹೋಗುವುದಿಲ್ಲ. ಬ್ಯಾನರ್ ಮಿಂಚದಂತೆ ನಡುವಿನಿಂದ ಒಂದು ಮೀಟರ್ ಪಕ್ಕದಲ್ಲಿ ನಿಂತು ಓರೆಯಾಗಿ ತೆಗೆಯಿರಿ.

ಮನೆಯ ಬೈಠಕ್‌ನಲ್ಲಿ ಹತ್ತಡಿ ಎತ್ತರದ ಬಿಳಿ ತಾರಸಿ ಇದ್ದರೆ ಫ್ಲ್ಯಾಶ್ ತಲೆಯನ್ನು ಮೇಲಕ್ಕೆ ತಿರುಗಿಸಿ ಬೆಳಕನ್ನು ಪುಟಿಸಬಹುದು. ಎಫ್/4, ಐಎಸ್‌ಒ 800, 1/8ರಿಂದ 1/4 ಶಕ್ತಿ. ಆತಿಥೇಯರನ್ನೂ ಕಲಾವಿದರನ್ನೂ ಕೇಳಿ, ಹಾಡಿನ ನಡುವಿನ ಬಿಡುವಿನಲ್ಲಿ ಮಾತ್ರ. ಮನೆಯ ದೀಪಗಳು ಹಳದಿಯಾಗಿದ್ದರೆ ಫ್ಲ್ಯಾಶಿಗೆ ಕಿತ್ತಳೆ ಬಣ್ಣದ ಸಿಟಿಒ ಜೆಲ್ ಕಟ್ಟದಿದ್ದರೆ ಮುಖ ನೀಲಿ, ಗೋಡೆ ಹಳದಿ ಆಗಿ ಎರಡು ಬಣ್ಣ ಕಾದಾಡುತ್ತವೆ. ಇದೇ ಉಪಾಯವನ್ನು ಪೆಂಡಾಲಿನಲ್ಲಿ ಮಾಡಲು ಹೋಗಬೇಡಿ, ಮೇಲಿನ ಕೆಂಪು ಹಸಿರು ಬಟ್ಟೆಯ ಬಣ್ಣವೆಲ್ಲ ಮುಖಕ್ಕೆ ಇಳಿಯುತ್ತದೆ. ದೊಡ್ಡ ಸಭಾಂಗಣದ ಕಪ್ಪು ಮಾಡಿನಿಂದ ಬೆಳಕು ಹಿಂದಿರುಗುವುದೇ ಇಲ್ಲ.

1940-50ರ ದಶಕಗಳಲ್ಲಿ ನ್ಯೂಯಾರ್ಕಿನ ಜಾಝ್ ಕ್ಲಬ್ಬುಗಳಲ್ಲಿ ಹರ್ಮನ್ ಲಿಯೊನಾರ್ಡ್ ತೆಗೆದ ಚಿತ್ರಗಳಲ್ಲಿ ಹೊಗೆಯ ನಡುವೆ ಮುಖಗಳು ಹಿಂಬದಿಯ ಬೆಳಕಿನಲ್ಲಿ ಹೊಳೆಯುತ್ತವೆ. ಅವೂ ಸ್ಟ್ರೋಬ್, ಅಂದರೆ ಫ್ಲ್ಯಾಶ್ ಬೆಳಕಿನ ಚಿತ್ರಗಳೇ. ಆದರೆ ಆತ ಸ್ಟ್ರೋಬ್‌ಗಳನ್ನು ಕ್ಯಾಮೆರಾದ ಮೇಲಿಟ್ಟಿರಲಿಲ್ಲ, ಕ್ಲಬ್ಬಿನ ದೀಪಗಳ ಪಕ್ಕದಲ್ಲೇ ಇಟ್ಟು ಇರುವ ಬೆಳಕಿನ ದಿಕ್ಕನ್ನೇ ಅನುಸರಿಸಿದ್ದ. ಆಯೋಜಕರ ಒಪ್ಪಿಗೆಯಿದ್ದು, ರೇಡಿಯೊ ಟ್ರಿಗರ್ ಇದ್ದವರು ಬ್ಯಾಂಡ್ ಕಾರ್ಯಕ್ರಮಗಳಲ್ಲಿ ಆ ದಾರಿ ಹಿಡಿಯಬಹುದು. ಕಣ್ಣು ಮುಚ್ಚಿ ರಾಗ ಬಿಡಿಸುವವರ ಮುಂದೆ ಅದೂ ಬೇಡ.

ಹಳೆಯದನ್ನು ಕೊಳ್ಳುವುದಾದರೆ ಈ ಲೆನ್ಸು ಬಳಸಿದ ಸ್ಥಿತಿಯಲ್ಲಿ ಧಾರಾಳವಾಗಿ ಸಿಗುತ್ತದೆ. ಕ್ಯಾಮೆರಾಗೆ ಹಾಕಿ ಹತ್ತಿರ, ದೂರ ಫೋಕಸ್ ಮಾಡಿಸಿ ಕೊಳವೆ ತಡವರಿಸದೆ ಚಲಿಸುತ್ತದೆಯೇ ನೋಡಿ. ಮೊಬೈಲ್ ಟಾರ್ಚನ್ನು ಹಿಂದಿನಿಂದ ಬಿಟ್ಟು ಮುಂದಿನ ಗಾಜಿನಲ್ಲಿ ಇಣುಕಿ. ಜೇಡನ ಬಲೆಯಂಥ ಎಳೆಗಳು ಕಂಡರೆ ಬೂಸ್ಟು, ಅಗ್ಗವಾದರೂ ಬಿಡಿ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಲೆನ್ಸುಗಳಲ್ಲಿ ಇದನ್ನು ಎರಡು ಬಾರಿ ನೋಡಿ. ಹೊಸದನ್ನು ಕೊಂಡ ಕರಾವಳಿಯವರೂ ಮಳೆಗಾಲದಲ್ಲಿ ಅದನ್ನು ಬ್ಯಾಗಿನೊಳಗೆ ಬಿಡದೆ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು. ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತವೆ. ಆ ಬಾಣಲೆಯನ್ನು ಅಡುಗೆಗೆ ಬಳಸಬಾರದು.